ಸರ್ವರ್ ಬದಲಿಸದೆ ಅದರ ನಿಧಾನವನ್ನು ಬಿಡಿಸಿದ ಬಗೆ

ದಾವಣಗೆರೆಯ ಅಶೋಕ ರಸ್ತೆಗೆ ಸಮೀಪದ ಒಂದು ಮುದ್ರಣಾಲಯದ ಕಂಪ್ಯೂಟರುಗಳನ್ನು ನಾನು ಸುಮಾರು ಎಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿನ ಒಂಬತ್ತು ಡಿ.ಟಿ.ಪಿ. ಕಂಪ್ಯೂಟರುಗಳು ಲಗ್ನಪತ್ರಿಕೆ, ಬಿಲ್ ಪುಸ್ತಕ, ಫ್ಲೆಕ್ಸ್‌ಗಳ ವಿನ್ಯಾಸಗಳನ್ನೆಲ್ಲ ಒಂದೇ ಸಾಂಬಾ ಸರ್ವರಿನಲ್ಲಿ (ಸಾಂಬಾ ಎಂದರೆ ಲಿನಕ್ಸ್ ಸರ್ವರಿನ ಫೈಲುಗಳನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ) ಇಡುತ್ತವೆ. ಕಳೆದ ಲಗ್ನದ ಹಂಗಾಮಿನಲ್ಲಿ 300 ಎಂಬಿಯ ಒಂದು ಕೋರಲ್ ಫೈಲನ್ನು ಉಳಿಸಲು ಅರ್ಧ ನಿಮಿಷ ಹಿಡಿಯುತ್ತಿತ್ತು, ಇಬ್ಬರು ಒಟ್ಟಿಗೆ ಉಳಿಸಿದರೆ ಒಂದು ನಿಮಿಷ. ಹೊಸ ಸರ್ವರಿಗೆ ಸುಮಾರು 1.6 ಲಕ್ಷದ ದರಪಟ್ಟಿ ಯಜಮಾನರ ಮೇಜಿನ ಮೇಲಿತ್ತು. "ಈ ಹಳೇ ಡಬ್ಬಕ್ಕೆ ಯಾಕೆ ಗಂಟು ಬಿದ್ದೀಯಪ್ಪಾ" ಎಂದು ಅವರು ಕೇಳಿದಾಗ, ಆಷಾಢ ಮುಗಿಯುವುದರೊಳಗೆ ಹದಿನೈದು ಸಾವಿರದಲ್ಲಿ ಸರಿಪಡಿಸುತ್ತೇನೆ ಎಂದು ಮಾತು ಕೊಟ್ಟೆ.

ಮೊದಲ ಎರಡು ಪ್ರಯತ್ನಗಳು ವ್ಯರ್ಥವಾದವು. ಹಳೆಯ ಟಿಪ್ಪಣಿಯೊಂದನ್ನು ನಂಬಿ ಸಾಂಬಾದ ಸಾಕೆಟ್ ಆಯ್ಕೆಗಳಲ್ಲಿ ಬಫರಿನ (ಜಾಲದಲ್ಲಿ ಹೋಗಿ ಬರುವ ದತ್ತಾಂಶ ತಂಗುವ ಜಾಗದ) ಗಾತ್ರವನ್ನು ಬರೆದಿಟ್ಟೆ. ಈಗಿನ ಲಿನಕ್ಸ್ ಆ ಗಾತ್ರವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ನಾವು ಕೈಹಾಕಿದರೆ ಅದನ್ನು ಕಟ್ಟಿಹಾಕಿದಂತೆ, ಆದ್ದರಿಂದ ವೇಗ ಇನ್ನಷ್ಟು ಇಳಿಯಿತು. ಆಮೇಲೆ ಮೂರು ಸಾವಿರ ಕೊಟ್ಟು ರ್‍ಯಾಮ್ ಹೆಚ್ಚಿಸಿದೆ. ಒಮ್ಮೆ ತೆರೆದ ಫೈಲು ಮತ್ತೆ ಬೇಗ ತೆರೆಯುತ್ತಿತ್ತೇ ಹೊರತು ಉಳಿಸುವ ವೇಳೆ ಒಂದು ಕ್ಷಣವೂ ತಗ್ಗಲಿಲ್ಲ. ಆ ಹಣದ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ಆಗ ಸಾಂಬಾವನ್ನು ಬದಿಗಿಟ್ಟು, ವೇಗ ಅಳೆಯುವ ತಂತ್ರಾಂಶವಾದ ಐಪರ್ಫ್‌ನಿಂದ ಬರಿಯ ಜಾಲವನ್ನು ಅಳೆದೆ. ಎಲ್ಲ ಕಂಪ್ಯೂಟರುಗಳಿಂದಲೂ 94 ಮೆಗಾಬಿಟ್ ಆಸುಪಾಸಿನ ಅಂಕಿಯೇ ಬಂದಾಗ ಅನುಮಾನ ಎಲ್ಲಕ್ಕೂ ಸಮಾನವಾದ ಸರ್ವರಿನ ಸ್ವಂತ ಕೇಬಲಿನ ಮೇಲೆ ಹೋಯಿತು. ಇಥ್‌ಟೂಲ್ ಎಂಬ, ಜಾಲಸಂಪರ್ಕದ ವೇಗ ಹೇಳುವ ಆಜ್ಞೆ ಕೂಡ 1000 ಮೆಗಾಬಿಟ್ ಬದಲು 100 ಎಂದೇ ತೋರಿಸಿತು. ನೂರಕ್ಕೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್‌ಗೆ, ಅಂದರೆ ಸಾವಿರಕ್ಕೆ, ನಾಲ್ಕೂ ಜೊತೆ ಬೇಕು. ಇಲ್ಲಿ ಕಂದು ಜೊತೆಯ ಒಂದು ತಂತಿ ಕ್ರಿಂಪಿನ ಬಳಿ, ಅಂದರೆ ತುದಿಯ ಪ್ಲಗ್ಗನ್ನು ಒತ್ತಿ ಕೂರಿಸಿದ ಕಡೆ, ತುಂಡಾಗಿತ್ತು. ತಂತಿಯನ್ನು ಬ್ಲೇಡಿನಿಂದ ಕೆರೆದಾಗ ತಾಮ್ರದ ಲೇಪದ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡಿತು. ಪೆಟ್ಟಿಗೆಯ ಮೇಲೆ ಮಾತ್ರ ಕ್ಯಾಟ್6 ಎಂದು, ಅಂದರೆ ಅಪ್ಪಟ ತಾಮ್ರವೇ ಇರಬೇಕಾದ ದರ್ಜೆಯನ್ನು, ಮುದ್ರಿಸಿದ್ದರು. ಅಪ್ಪಟ ತಾಮ್ರದ 305 ಮೀಟರಿನ ಪೆಟ್ಟಿಗೆಯನ್ನು ಎಂಟು ಸಾವಿರ ಚಿಲ್ಲರೆಗೆ ತರಿಸಿ, ಸರ್ವರಿನದಷ್ಟೇ ಅಲ್ಲ, ಎಲ್ಲ ಸಾಲುಗಳನ್ನೂ ಹೊಸದಾಗಿ ಎಳೆದೆ. ಓದುವ ವೇಗ ಸೆಕೆಂಡಿಗೆ 11 ಎಂಬಿಯಿಂದ 110ರ ಹತ್ತಿರಕ್ಕೆ ಏರಿತು.

ಬರೆಯುವಾಗ ಮಾತ್ರ ಮೊದಲ ಕೆಲವು ಜಿಬಿ ಓಡಿ, ಆಮೇಲೆ 15ಕ್ಕೆ ಕುಸಿಯುತ್ತಿತ್ತು. ಐಓಸ್ಟ್ಯಾಟ್‌ನಲ್ಲಿ (ಡಿಸ್ಕಿನ ಕೆಲಸದ ಹೊರೆ ತೋರಿಸುವ ತಂತ್ರಾಂಶ) ನೋಡಿದರೆ ಡಿಸ್ಕು ನೂರಕ್ಕೆ ನೂರು ಕೆಲಸದಲ್ಲಿ ಮುಳುಗಿತ್ತು. ಮಾದರಿ ಸಂಖ್ಯೆ ಹುಡುಕಿದರೆ, ಪಥಗಳು ಒಂದರ ಮೇಲೊಂದು ಹೆಂಚಿನಂತೆ ಹೊದಿಸಿರುವ ಎಸ್‌ಎಂಆರ್ ಡಿಸ್ಕು ಅದು. ಒಂದು ಪಥವನ್ನು ತಿದ್ದಬೇಕಾದರೆ ಅದರ ಪಕ್ಕದವನ್ನೂ ಮತ್ತೆ ಬರೆಯಬೇಕು. ಸಾಮಾನ್ಯ ಬಗೆಯ 4 ಟಿಬಿ ಡಿಸ್ಕಿಗೆ ಹತ್ತು ಸಾವಿರದಷ್ಟಾಯಿತು. ಹೀಗೆ ಕೊಟ್ಟ ಮಾತನ್ನು ಆರು ಸಾವಿರದಷ್ಟು ಮೀರಬೇಕಾಯಿತು.

ಈ ನಡುವೆ ಜಂಬೋ ಫ್ರೇಮನ್ನೂ, ಅಂದರೆ ಜಾಲದಲ್ಲಿ ಒಮ್ಮೆಗೆ ಹೋಗುವ ದತ್ತಾಂಶದ ಕಟ್ಟನ್ನು ದೊಡ್ಡದು ಮಾಡುವುದನ್ನೂ, ಪರೀಕ್ಷಿಸಿದೆ. ಅದನ್ನು 1500 ಬೈಟಿನಿಂದ 9000ಕ್ಕೆ ಏರಿಸಿದಾಗ ಐದಾರು ಎಂಬಿ ಹೆಚ್ಚು ಸಿಕ್ಕಿತು, ಆದರೆ ಮುದ್ರಣದ ಪ್ಲೇಟ್ ಮಾಡುವ ಯಂತ್ರಕ್ಕೆ ಜೋಡಿಸಿದ್ದ ಹಳೆಯ ಕಂಪ್ಯೂಟರ್ ದೊಡ್ಡ ಫೈಲುಗಳಲ್ಲಿ ನಿಂತುಬಿಡುತ್ತಿತ್ತು. ಮರುದಿನವೇ 1500ಕ್ಕೆ ಮರಳಿಸಿದೆ.

ಕೊನೆಗೆ ಉಳಿದದ್ದು ಲಗ್ನಪತ್ರಿಕೆಗಳ ಫೋಲ್ಡರು. ಒಂದೇ ಫೋಲ್ಡರಿನಲ್ಲಿ ಸುಮಾರು ನಲವತ್ತು ಸಾವಿರ ಫೈಲುಗಳಿದ್ದವು, ಹೊಸದೊಂದನ್ನು ಸೇರಿಸಲು ಎಂಟು ಹತ್ತು ಸೆಕೆಂಡು ಬೇಕಿತ್ತು. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ಲಿನಕ್ಸಿಗೆ ಇದೆ. ಆದ್ದರಿಂದ ಆ ಹೆಸರು ಬೇರೆ ರೂಪದಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸಾಂಬಾ ಪ್ರತಿಸಲವೂ ಇಡೀ ಫೋಲ್ಡರನ್ನು ಜಾಲಾಡುತ್ತಿತ್ತು. ಜಾಲದಲ್ಲಿ ಹಂಚಿದ ಆ ಫೋಲ್ಡರಿಗೆ (ಶೇರಿಗೆ) ಮಾತ್ರ ಕೇಸ್ ಸೆನ್ಸಿಟಿವ್ ಯೆಸ್, ಡೀಫಾಲ್ಟ್ ಕೇಸ್ ಲೋವರ್, ಪ್ರಿಸರ್ವ್ ಕೇಸ್ ಮತ್ತು ಶಾರ್ಟ್ ಪ್ರಿಸರ್ವ್ ಕೇಸ್ ಎರಡಕ್ಕೂ ನೋ ಎಂದು ಬರೆದೆ. ಹೆಸರನ್ನು ಇದ್ದಂತೆಯೇ ಹುಡುಕು, ಹೊಸ ಹೆಸರುಗಳನ್ನು ಸಣ್ಣಕ್ಷರದಲ್ಲೇ ಇಡು ಎಂದು ಇದರ ಅರ್ಥ. ಆದರೆ ಫೈಲುಗಳ ಹೆಸರನ್ನು ಸಣ್ಣಕ್ಷರಕ್ಕೆ ತರುವ ಮೊದಲೇ ಹಾಗೆ ಮಾಡಿದ್ದರಿಂದ ಅರ್ಧದಷ್ಟು ಹಳೆಯ ವಿನ್ಯಾಸಗಳು ತೆರೆಯದಾದವು, ಆ ದಿನದ ಕೆಲಸವೇ ನಿಂತಿತು. ಭಾನುವಾರ ಬ್ಯಾಕಪ್ ತೆಗೆದುಕೊಂಡು ಎಲ್ಲವನ್ನೂ ಮರುಹೆಸರಿಸಿದ ಮೇಲೆ ಸರಿಹೋಯಿತು. ಅಕ್ಷರಭೇದವಷ್ಟೇ ಇದ್ದ ಜೋಡಿ ಫೈಲುಗಳು ಇನ್ನೂರರಷ್ಟು ಸಿಕ್ಕವು. ಅವುಗಳಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕದಂತೆ, ಯಾವುದು ಕೊನೆಯ ಪ್ರೂಫ್ ಎಂದು ಗುರುತಿಸುವ ಸ್ಕ್ರಿಪ್ಟನ್ನು ನಾನೇ ಬರೆದೆ. ಅದು ನನ್ನ ಹೊಟ್ಟೆಪಾಡಿನ ಸರಕಾದ್ದರಿಂದ ಇಲ್ಲಿ ಕೊಡುತ್ತಿಲ್ಲ.

ಈಗ ಅದೇ 300 ಎಂಬಿಯ ಫೈಲು ಮೂರ್ನಾಲ್ಕು ಸೆಕೆಂಡಿನಲ್ಲಿ ಉಳಿಯುತ್ತದೆ, ಹೊಸ ಲಗ್ನಪತ್ರಿಕೆ ಒತ್ತಿದ ಕೂಡಲೇ ಫೋಲ್ಡರು ಸೇರುತ್ತದೆ. ರ್‍ಯಾಮಿನ ಮೂರು ಸಾವಿರ ಸೇರಿದರೂ ಒಟ್ಟು ಖರ್ಚು ಇಪ್ಪತ್ತೊಂದು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಹರಿಹರದ ತಮ್ಮ ಇನ್ನೊಂದು ಅಂಗಡಿಯ ಕೇಬಲುಗಳನ್ನೂ ಕೆರೆದು ನೋಡಲು ಯಜಮಾನರು ಮುಂದಿನ ವಾರ ಬರಹೇಳಿದ್ದಾರೆ.