ಕಸದ ಬುಟ್ಟಿ ಹಗುರಾಗಬೇಕೆ? ಕೈಚೀಲದಿಂದ ಶುರುಮಾಡಿ

ಹಸಿ ಕಸ, ಒಣ ಕಸ ಬೇರೆ ಮಾಡುವುದು ಎಷ್ಟೋ ಮನೆಗಳಲ್ಲಿ ಈಗ ರೂಢಿಗೆ ಬಂದಿದೆ. ಆದರೂ ಒಣ ಕಸದ ನೀಲಿ ಬುಟ್ಟಿ ಎರಡೇ ದಿನಕ್ಕೆ ತುಂಬುತ್ತದೆ. ಅದರೊಳಗೆ ಏನು ಬೀಳಬೇಕೆಂಬುದು ದಿನಸಿ ಅಂಗಡಿಯಲ್ಲೇ ತೀರ್ಮಾನವಾಗಿರುತ್ತದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ. ಒಣ ಕಸವನ್ನೆಲ್ಲ ಒಂದೇ ಚೀಲದಲ್ಲಿ ಕೂಡಿಡಿ. ಭಾನುವಾರ ಹಳೆ ಪೇಪರ್ ಹಾಸಿ ಸುರಿದು ಎಣಿಸಿ: ಹಾಲಿನ ಕವರ್ ಎಷ್ಟು, ತರಕಾರಿ ತಂದ ಕವರ್ ಎಷ್ಟು, ಚಿಪ್ಸ್–ಬಿಸ್ಕತ್ತಿನ ಪ್ಯಾಕೆಟ್ ಎಷ್ಟು, ಹೋಟೆಲ್ ಪಾರ್ಸಲ್ ಡಬ್ಬಿ ಎಷ್ಟು. ಹೆಚ್ಚು ಕಂಡ ಎರಡು ಬಗೆಯನ್ನು ಮಾತ್ರ ಮೊದಲ ತಿಂಗಳಿಗೆ ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೊರಟರೆ ಹದಿನೈದು ದಿನಕ್ಕೆ ಉತ್ಸಾಹ ಇಳಿದುಹೋಗುತ್ತದೆ.

ಚೀಲದ ಲೆಕ್ಕ

ಹಳೆ ಪಂಚೆ ಅಥವಾ ಹತ್ತಿ ಸೀರೆಯಿಂದ 10 ಇಂಚು ಅಗಲ, 12 ಇಂಚು ಉದ್ದದ ಆರು ಚೀಲ ಹೊಲಿಸಿ, ಬಾಯಿಗೆ ಲಾಡಿ ಹಾಕಿಸಿ. ಖಾಲಿ ಚೀಲದ ತೂಕವನ್ನು ಅಳಿಸದ ಮಾರ್ಕರ್‌ನಲ್ಲಿ ಅದರ ಮೇಲೇ ಬರೆದಿಡಿ. ತೂಗುವಾಗ ಅಂಗಡಿಯವರ ಜೊತೆ ಚರ್ಚೆ ತಪ್ಪುತ್ತದೆ. ಇವು ಬೇಳೆ, ಕಾಳು, ತರಕಾರಿಗೆ. ದೋಸೆ ಹಿಟ್ಟು, ಮೀನು, ಕೋಳಿಗೆ ಬಿಗಿ ಮುಚ್ಚಳದ ಎರಡು ಸ್ಟೀಲ್ ಡಬ್ಬಿ ಬೇಕು. ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತರಲು ಮೊದಲೇ ಹೇಳಿ. ತೂಗಿ ಕವರಿಗೆ ಹಾಕಿದ ಮೇಲೆ ಡಬ್ಬಿ ಚಾಚಿದರೆ ಆ ಕವರ್ ಅಲ್ಲೇ ಕಸವಾಗುತ್ತದೆ, ಉಪಯೋಗವಿಲ್ಲ.

ಚೀಲವನ್ನು ಅಡುಗೆಮನೆಯಲ್ಲಿಟ್ಟರೆ ಮರೆಯುವುದು ಖಂಡಿತ. ಸ್ಕೂಟರ್ ಡಿಕ್ಕಿಯಲ್ಲೋ ಚಪ್ಪಲಿ ಸ್ಟ್ಯಾಂಡಿನ ಮೊಳೆಗೋ ಅದಕ್ಕೊಂದು ಜಾಗ ಇರಲಿ.

ಪ್ಲಾಸ್ಟಿಕ್ ಕೈಚೀಲಕ್ಕೆ ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧವಿದೆ. ಅದರ ಜಾಗಕ್ಕೆ ಬಂದ, ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ‘ನಾನ್ ವೋವನ್’ ಚೀಲ ಹೆಚ್ಚಾಗಿ ಪಾಲಿಪ್ರೊಪಿಲಿನ್, ಅಂದರೆ ಅದೂ ಪ್ಲಾಸ್ಟಿಕ್ಕೇ. ಅನುಮಾನವಿದ್ದರೆ ಒಂದು ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ. ಪ್ಲಾಸ್ಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ‘ಕಾಂಪೋಸ್ಟಬಲ್’ ಎಂದು ಅಚ್ಚಾದ ಚೀಲವನ್ನೂ ಮನೆಯ ಗೊಬ್ಬರದ ಮಡಕೆಗೆ ಹಾಕಬೇಡಿ. ಅಂಥ ಚೀಲ ಕರಗಲು ಸಾಮಾನ್ಯವಾಗಿ ದೊಡ್ಡ ಘಟಕಗಳ ಶಾಖ ಬೇಕು. ಮಡಕೆಯಲ್ಲಿ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ.

ಬಿಡಿಯೋ, ಪ್ಯಾಕೆಟ್ಟೋ?

ಬಿಡಿಯಾಗಿ ಕೊಂಡದ್ದಕ್ಕೆ ಹುಳ ಬೇಗ ಹತ್ತುತ್ತದೆ ಎಂಬ ದೂರು ಸುಳ್ಳಲ್ಲ. ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಬೇಳೆಕಾಳಿಗೆ ಒಂದು ಬಿಸಿಲು ಸಾಕು. ತಿಂಗಳಿಗಾಗುವಷ್ಟನ್ನೇ ತನ್ನಿ. ಅಗ್ಗ ಸಿಕ್ಕಿತೆಂದು ಐದು ಕೆಜಿ ತಂದು ಎರಡು ಕೆಜಿ ಹುಳಕ್ಕೆ ಕೊಟ್ಟರೆ ಅದೂ ಕಸವೇ.

ಶಾಂಪೂ ಸ್ಯಾಶೆ, ಚಿಪ್ಸ್ ಪ್ಯಾಕೆಟ್‌ಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಒಂದಕ್ಕೊಂದು ಅಂಟಿರುತ್ತವೆ. ಬೇರ್ಪಡಿಸುವ ಖರ್ಚು ಗಿಟ್ಟದ್ದರಿಂದ ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಕೈಬಿಡಲು ಮೊದಲು ಯೋಗ್ಯವಾದವು ಇವೇ.

ಪಾತ್ರೆಗೆ ಅಂಟುವಾಳ

ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಬಾಟಲಿ ಬೇಡವೆನ್ನುವವರಿಗೆ ಅಂಟುವಾಳಕಾಯಿ ಒಳ್ಳೆಯ ದಾರಿ. ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಬೀಜ ತೆಗೆದ ಸಿಪ್ಪೆ 100 ಗ್ರಾಂ ತೂಗಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆ ಕನಿಷ್ಠ ಮೂರು ಲೀಟರಿನದ್ದಿರಲಿ, ಇಲ್ಲದಿದ್ದರೆ ನೊರೆ ಉಕ್ಕಿ ಒಲೆ ಆರಿಸುತ್ತದೆ. ತಣಿದ ಮೇಲೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಕಿವುಚಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ, ವಿಪರೀತ ಉರಿಯುತ್ತದೆ.

ಹೊರಗಿಟ್ಟರೆ ಇದು ಎರಡು ಮೂರು ದಿನಕ್ಕೇ ಹುಳಿ ವಾಸನೆ ಹಿಡಿಯುತ್ತದೆ. ಫ್ರಿಜ್‌ನಲ್ಲಿ ವಾರ ಬಾಳುತ್ತದೆ. ಹೆಚ್ಚು ಮಾಡಿದರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟು ದಿನಕ್ಕೆ ಬೇಕಾದಷ್ಟು ತೆಗೆದುಕೊಳ್ಳಬಹುದು. ನೊರೆ ಕಡಿಮೆ ಬರುವುದರಿಂದ ‘ತೊಳೆಯುವುದೇ ಇಲ್ಲ’ ಎಂದು ಅನೇಕರು ಬಿಟ್ಟುಬಿಡುತ್ತಾರೆ. ನೊರೆಯಿಂದ ಅಳೆಯಬೇಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪಿನಂತೆ ಬಿಳಿ ಗಸಿ ಕಟ್ಟದಿರುವುದು ಇದರ ದೊಡ್ಡ ಗುಣ. ಆದರೆ ಬಾಣಲೆಯ ಎಣ್ಣೆಜಿಡ್ಡಿನ ಮುಂದೆ ಸೋಲುತ್ತದೆ: ಮೊದಲು ಕಡಲೆಹಿಟ್ಟು ಉದುರಿಸಿ ಜಿಡ್ಡು ಒರೆಸಿಕೊಳ್ಳಬೇಕು. ಬಿಳಿ ಬಟ್ಟೆಗೆ ಬಳಸಬೇಡಿ, ಕ್ರಮೇಣ ಮಾಸಲು ಬಣ್ಣ ಹತ್ತುತ್ತದೆ. ಸೋಸಿದ ಚರಟ ಹಸಿ ಕಸಕ್ಕೆ.

ಬಿಡಲಾಗದ ಹಾಲಿನ ಕವರ್

ಹಾಲಿನ ಕವರ್ ಪೂರ್ತಿ ತಪ್ಪಿಸುವುದು ನಗರದಲ್ಲಿ ಕಷ್ಟ. ದಿನಕ್ಕೊಂದು ಲೀಟರ್ ಕೊಳ್ಳುವ ಮನೆ ಎರಡು ಅರ್ಧ ಲೀಟರಿನ ಬದಲು ಒಂದು ಲೀಟರಿನದ್ದೇ ತಂದರೆ ತಿಂಗಳಿಗೆ 60 ಕವರ್ 30ಕ್ಕೆ ಇಳಿಯುತ್ತದೆ. ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆಮಾಡಬೇಡಿ, ಕವರಿಗೇ ಅಂಟಿಕೊಂಡಿರಲಿ. ಬಿಡಿ ಚೂರು ಸಿಂಕಿನಿಂದ ಚರಂಡಿಗೆ ಸೇರಿದರೆ ಯಾರೂ ಹೆಕ್ಕುವುದಿಲ್ಲ. ಕವರನ್ನು ಒಂದು ಲೋಟ ನೀರಿನಲ್ಲಿ ಕುಲುಕಿ ಆ ನೀರನ್ನು ಗಿಡಕ್ಕೆ ಹಾಕಿ, ಕವರನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿ. ಒಂದೇ ಬಗೆಯ, ಒಣಗಿದ ಪ್ಲಾಸ್ಟಿಕ್ ಆದ್ದರಿಂದ ಇದನ್ನು ಗುಜರಿಯವರು ಕೊಳ್ಳುತ್ತಾರೆ. ತೊಳೆಯದೆ ಕಟ್ಟಿಟ್ಟರೆ ಮೂರನೇ ದಿನಕ್ಕೆ ನಾತ ಹೊಡೆದು, ಆ ಕಟ್ಟನ್ನು ಅವರೂ ಮುಟ್ಟುವುದಿಲ್ಲ.