ಕಬ್ಬಿಣದ ಚಿಪ್ಪಿನ ಬಸವನಹುಳು: ಮಾಡೆಲ್ ಮಾಡೋದು ಹೇಗೆ?

ಸಂಡೂರಿನ ಕೆಂಪು ಧೂಳು ನೋಡಿ ಬೆಳೆದ ನಮ್ಮ ಬಳ್ಳಾರಿ ಮಕ್ಕಳಿಗೆ ಅದಿರು ಹೊಸದಲ್ಲ ಅಲ್ವಾ? ವಿಜ್ಞಾನ ಪ್ರದರ್ಶನಕ್ಕೆ ಚಿಪ್ಪಿನಲ್ಲೇ ಕಬ್ಬಿಣ ಇರುವ ಈ ಬಸವನಹುಳುವನ್ನೇ ಮಾಡಿಸಿ. ಹಿಂದೂ ಮಹಾಸಾಗರದಲ್ಲಿ, 2,400 ಮೀಟರಿಗೂ ಆಳದ ಬಿಸಿನೀರಿನ ಬುಗ್ಗೆಗಳ ಪಕ್ಕ 2001ರಲ್ಲಿ ಸಿಕ್ಕಿದ್ದು.

ಜೇಡಿಮಣ್ಣಿನಲ್ಲಿ ಸುರುಳಿ ಮಾಡಿ. ನೆರಳಲ್ಲೇ ಒಣಗಿಸಿ, ನಮ್ಮ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ. ಸುಣ್ಣ ಬಳಿಯಿರಿ, ಅದು ಒಳಪದರ. ಮೇಲೆ ಫೋಮ್ ಅಂಟಿಸಿ. ನಿಜವಾದ ಹುಳುವಿನಲ್ಲೂ ನಡುವಿನ ಮೆತ್ತನೆ ಪದರವೇ ಪೆಟ್ಟು ತಡೆಯುತ್ತದೆ. ಕೊನೆಗೆ ಫೆವಿಕಾಲ್ ಹಚ್ಚಿ, ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಪುಡಿ ಉದುರಿಸಿ (ಕೈಗೆ ಚುಚ್ಚುತ್ತದೆ, ದೊಡ್ಡವರೇ ಹಾಕಿ). ಅಸಲಿ ಚಿಪ್ಪಿನಲ್ಲಿ ಈ ಹೊರಪದರ ಕಬ್ಬಿಣದ ಸಲ್ಫೈಡ್ (ಕಬ್ಬಿಣ, ಗಂಧಕ ಸೇರಿದ ವಸ್ತು). ಅಯಸ್ಕಾಂತ ಹಿಡಿದರೆ ಟಕ್ಕಂತ ಅಂಟುತ್ತದೆ, ಮಕ್ಕಳಿಗೆ ಅದೇ ಜಾಸ್ತಿ ಖುಷಿ. ಪಾದದ ಸುತ್ತ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ತಗಡು ಜೋಡಿಸಿ. ಸಮುದ್ರದಾಳದ ಗಣಿಗಾರಿಕೆಯ ಭಯದಿಂದ 2019ರಲ್ಲಿ ಈ ಹುಳು ಅಳಿವಿನಂಚಿನ ಪಟ್ಟಿ ಸೇರಿದೆ, ಅದನ್ನೂ ಚೀಟಿಯಲ್ಲಿ ಬರೆಸಿ.