ಹೊತ್ತು ನೋಡಿ ತಿನ್ನಿ: ಬೆಂಗಳೂರಿನ ಹೋಟೆಲ್‌ಗಳ ಬಗ್ಗೆ ನಾನು ಬರೆಯುವ ರೀತಿ

ಯಾವುದೇ ಹೋಟೆಲ್ ಬಗ್ಗೆ ನಾಲ್ಕು ಸಾಲು ಬರೆಯುವಾಗ ನಾನು ಮೊದಲು ಹಾಕುವುದು ಗಂಟೆ. ಹೋಟೆಲ್ ಹೆಸರು, ಬೀದಿ, ಪಕ್ಕದಲ್ಲೇ ತಿಂದ ಹೊತ್ತು. 'ಮಂಗಳವಾರ, ಬೆಳಗ್ಗೆ 7, ಇಡ್ಲಿ.' ಮಿಕ್ಕಿದ್ದೆಲ್ಲ ಆಮೇಲೆ. ಯಾಕೆಂದರೆ ನಮ್ಮ ತಿಂಡಿ ಹೋಟೆಲ್‌ಗಳಲ್ಲಿ ಬೆಳಗ್ಗೆ ಏಳರ ರುಚಿಯೇ ಬೇರೆ, ಹನ್ನೊಂದರ ರುಚಿಯೇ ಬೇರೆ. ಒಂದೇ ಹೋಟೆಲ್‌ಗೆ ಒಬ್ಬರು ಐದು ಸ್ಟಾರ್ ಕೊಟ್ಟು 'ಸೂಪರ್' ಅಂತಾರೆ, ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟು 'ದುಡ್ಡು ದಂಡ' ಅಂತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಹೋದ ಹೊತ್ತು ಬೇರೆ, ಅಷ್ಟೇ.

ನಾನಿರುವುದು ಬಸವನಗುಡಿ ಕಡೆ. ಊರಿಂದ ಬರುವ ನೆಂಟರು, ಆಫೀಸಿಗೆ ಹೊಸದಾಗಿ ಸೇರಿದವರು 'ತಿಂಡಿ ಎಲ್ಲಿ ಚೆನ್ನಾಗಿರುತ್ತೆ?' ಅಂತ ಕೇಳುತ್ತಿದ್ದರು. ಸುಮ್ನೆ ಒಂದು ಹೆಸರು ಹೇಳಿದರೆ ಅವರಿಗೆ ಅದರಿಂದ ಏನೂ ಉಪಯೋಗ ಆಗುತ್ತಿರಲಿಲ್ಲ. ಹಾಗಾಗಿ ಬರೆದು ಕಳಿಸೋಕೆ ಶುರು ಮಾಡಿದೆ. ಬರೀತಾ ಬರೀತಾ ನೋಡುವ ರೀತಿಯೂ ಬದಲಾಯಿತು.

ಹೊಸ ಹೋಟೆಲ್‌ಗೆ ಹೋದರೆ ನಾನು ಮೊದಲು ತಿನ್ನುವುದು ಇಡ್ಲಿ. ಅದರಲ್ಲಿ ಏನನ್ನೂ ಮುಚ್ಚಿಡೋಕೆ ಆಗಲ್ಲ. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಅಕ್ಕಿ, ಉದ್ದು, ಉಪ್ಪು, ಹಬೆ. ತಟ್ಟೆ ಬಂದ ಕೂಡಲೇ ಚಮಚದ ಅಂಚಿನಿಂದ ಒಂದು ಮೂಲೆ ಒತ್ತುತ್ತೇನೆ. ಆಗ ತಾನೇ ಇಳಿದ ಇಡ್ಲಿ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರುತ್ತದೆ. ಮುರಿದರೆ ಒಳಗೆ ಸಣ್ಣ ಸಣ್ಣ ಕಣ್ಣು ಕಾಣಬೇಕು. ಆಮೇಲೆ ಇಡ್ಲಿಯನ್ನು ಮಗುಚಿ ತಳ ನೋಡುತ್ತೇನೆ. ಬೇಯಿಸಿ ಡಬ್ಬದಲ್ಲಿ ಮುಚ್ಚಿಟ್ಟ ಇಡ್ಲಿಯಾದರೆ ಹಬೆ ನೀರಾಗಿ ಕೆಳಗಿಳಿದು ತಳ ತೊಯ್ದಿರುತ್ತದೆ. ಮೇಲಿನಿಂದ ನೋಡಿದರೆ ಬೆಳ್ಳಗೆ, ದುಂಡಗೆ ಚೆನ್ನಾಗಿಯೇ ಇರುತ್ತದೆ. ತಳ ಮಾತ್ರ ಹಿಟ್ಟು ಹಿಟ್ಟು. ಹತ್ತು ಗಂಟೆ ಮೇಲೆ ಹೋದರೆ ಬಹಳ ಕಡೆ ಇದೇ ಕಥೆ. ಅದಕ್ಕೇ ಟೋಕನ್ ತಗೊಳ್ಳೋ ಮುಂಚೆ ಕೌಂಟರ್‌ನಲ್ಲಿ ಕೇಳಿಬಿಡುತ್ತೇನೆ. 'ಅಣ್ಣಾ, ಬಿಸಿ ಇಡ್ಲಿ ಎಷ್ಟೊತ್ತಿಗೆ ಇಳಿಯುತ್ತೆ?' 'ಐದು ನಿಮಿಷ ಸರ್, ಒಲೆ ಮೇಲಿದೆ' ಅಂದರೆ ನಿಂತು ಕಾಯುತ್ತೇನೆ. 'ಎಲ್ಲಾ ಬಿಸಿನೇ ಸರ್' ಅಂದರೆ ಅವತ್ತು ಕಾಫಿ ಮಾತ್ರ.

ಇನ್ನು ಚಟ್ನಿ. ಇಡ್ಲಿಗಿಂತ ಬೇಗ ಕೆಡುವುದು ಇದೇ. ಬೆಳಗಿನ ಚಟ್ನಿಯಲ್ಲಿ ತೆಂಗಿನಕಾಯಿಯ ಸಿಹಿ ನಾಲಿಗೆಗೆ ಸಿಗುತ್ತದೆ, ಹಸಿಮೆಣಸಿನಕಾಯಿ ಖಾರ ಅದರ ಹಿಂದೆ ಬರುತ್ತದೆ. ಜನ ಜಾಸ್ತಿ ಆದಂತೆ ಅದಕ್ಕೆ ನೀರು ಸೇರುತ್ತದೆ. ತಟ್ಟೆಯ ಅಂಚಿನಲ್ಲಿ ನೀರು ಬೇರೆಯಾಗಿ ಹರಿಯುತ್ತಿದ್ದರೆ ನಿಮಗೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹತ್ತೂವರೆ ಹೊತ್ತಿಗೆ ಸಣ್ಣ ಹುಳಿಯೂ ಸೇರಿರುತ್ತದೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ಎಷ್ಟೋ ಕಡೆ ಕಾಯಿ ಕಡಿಮೆಯಾಗಿ ಹುರಿಗಡಲೆ ಜಾಸ್ತಿಯಾಯಿತು. ಅಂಥ ಚಟ್ನಿ ಮಂದವಾಗಿ ಕಾಣುತ್ತದೆ, ಆದರೆ ಬಾಯಿಗೆ ಹಾಕಿದರೆ ಹಿಟ್ಟು ಅಂಟಿದ ಹಾಗಿರುತ್ತದೆ. ಇಂಥದ್ದನ್ನು ಬರೆಯಲೇಬೇಕು. ಜನಕ್ಕೆ ಬೇಕಾಗಿರುವುದು ಇದೇ ಅಲ್ವಾ?

ಚಟ್ನಿಯ ಮಹತ್ವ ಏನು ಅಂತ ನೋಡಬೇಕಾದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಬೇಕು. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಇಲ್ಲವೇ ಇಲ್ಲ. ತಟ್ಟೆ ಹಿಡಿದು ಫುಟ್‌ಪಾತ್ ಮೇಲೆ ನಿಂತವರು ಮತ್ತೆ ಮತ್ತೆ ಚಟ್ನಿ ಹಾಕಿಸಿಕೊಳ್ಳುತ್ತಿರುತ್ತಾರೆ. ಅಲ್ಲಿ ಚಟ್ನಿ ಹಳೆಯದಾಗೋಕೆ ಸಮಯವೇ ಸಿಗುವುದಿಲ್ಲ. ಪಟ್ಟಿ ಚಿಕ್ಕದಿದ್ದು ಜನ ಜಾಸ್ತಿ ಇದ್ದರೆ ಎಲ್ಲವೂ ಬಿಸಿಬಿಸಿ ಖರ್ಚಾಗುತ್ತದೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲೂ ಹೀಗೇ. ನೂರು ಬಗೆಯ ಮೆನು ನೋಡಿದರೆ ನನಗೆ ಅನುಮಾನ ಬರುವುದು ಇದಕ್ಕೇ. ಬೆಳಗ್ಗೆ ಏಳಕ್ಕೆ ಗೋಬಿ ಮಂಚೂರಿಯನ್ ಬೋರ್ಡ್ ಕಂಡರೆ ಅಲ್ಲಿನ ಫ್ರಿಜ್‌ನಲ್ಲಿ ಏನೇನು ಎಷ್ಟು ದಿನದಿಂದ ಇದೆಯೋ ಅನ್ನಿಸುತ್ತದೆ.

ದೋಸೆಗೆ ನಾನು ಕಾವಲಿ ಕಾಣುವ ಜಾಗದಲ್ಲೇ ನಿಲ್ಲುತ್ತೇನೆ. ಇದು ಬೆಂಗಳೂರಿನ ದರ್ಶಿನಿಗಳು ಕೊಟ್ಟ ದೊಡ್ಡ ಅನುಕೂಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಟೋಕನ್ ತಗೊಂಡು, ಕಣ್ಣೆದುರೇ ಮಾಡಿಸಿಕೊಂಡು, ನಿಂತೇ ತಿನ್ನುವ ಪದ್ಧತಿ ಊರೆಲ್ಲ ಹರಡಿತು. ಅಡುಗೆಮನೆ ಗೋಡೆ ಹಿಂದೆ ಇದ್ದರೆ ನಾವು ಊಹೆ ಮಾಡಬೇಕು. ಇಲ್ಲಿ ಊಹೆ ಬೇಡ.

ಕಾವಲಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಭಟ್ಟರು ನೀರು ಚಿಮುಕಿಸುತ್ತಾರೆ, ಚುರ್ ಅನ್ನುತ್ತದೆ, ಕಡ್ಡಿ ಪೊರಕೆಯಿಂದ ಗುಡಿಸುತ್ತಾರೆ, ಸಾಲಾಗಿ ಹಿಟ್ಟು ಹೊಯ್ಯುತ್ತಾರೆ. ಆ ನೀರಿನ ಕೆಲಸ ಕಾವು ಇಳಿಸುವುದು. ಕಾವು ಜಾಸ್ತಿ ಇದ್ದರೆ ಹಿಟ್ಟು ಹರಡುವ ಮುಂಚೆಯೇ ಗಟ್ಟಿಯಾಗಿ ಸೌಟಿಗೆ ಅಂಟಿಕೊಂಡು ಬರುತ್ತದೆ. ಕಾವು ಸಾಲದಿದ್ದರೆ ದೋಸೆ ಬಿಳಚಿಕೊಂಡು, ಎಣ್ಣೆ ಕುಡಿದು ಮೆತ್ತಗಾಗುತ್ತದೆ. ದಿನದ ಮೊದಲನೇ ಸಾಲಿನಲ್ಲಿ ಕಾವಲಿ ಇನ್ನೂ ಹದಕ್ಕೆ ಬಂದಿರುವುದಿಲ್ಲ. ವಿಪರೀತ ರಶ್ ಇದ್ದಾಗ ಒಂದು ಸಾಲು ತೆಗೆದ ಮೇಲೆ ಕಾವಲಿ ಮತ್ತೆ ಕಾಯುವಷ್ಟು ಪುರುಸೊತ್ತು ಇರುವುದಿಲ್ಲ. ಯಾರೂ ಇಲ್ಲದ ಮಧ್ಯಾಹ್ನ ಮೂರಕ್ಕೆ ಒಂದೇ ಒಂದು ದೋಸೆ ಹೊಯ್ದರೆ ಅಂಚು ಕರಕಲು, ನಡುವೆ ಹಸಿ. ಒಳ್ಳೆಯ ದೋಸೆ ಸಿಗುವುದು ಜನ ಬರೋಕೆ ಶುರುವಾಗಿ, ಇನ್ನೂ ನೂಕುನುಗ್ಗಲು ಆಗದ ಆ ಸ್ವಲ್ಪ ಹೊತ್ತಿನಲ್ಲಿ. ಪ್ರತಿ ಹೋಟೆಲ್‌ಗೂ ಆ ಹೊತ್ತು ಬೇರೆ. ಅದನ್ನು ಕಂಡುಹಿಡಿಯುವುದೇ ನನ್ನ ಕೆಲಸ.

'ಬೆಂಗಳೂರಿನ ನಂಬರ್ ಒನ್ ದೋಸೆ ಯಾವುದು?' ಅಂತ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಅಲ್ಲಿಯದು ಕೆಂಪಗೆ, ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ತೆಳು ಚಟ್ನಿ. ಮಾಣಿ ತೋಳಿನ ಉದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡೋಕೇ ಎಷ್ಟೋ ಜನ ಹೋಗುತ್ತಾರೆ. ಮಲ್ಲೇಶ್ವರದ ಸಿಟಿಆರ್‌ನದು ಬೆಣ್ಣೆ ಮಸಾಲೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ದೋಸೆ ಪಕ್ಕ ಸಣ್ಣ ಬಟ್ಟಲಲ್ಲಿ ತುಪ್ಪ ಬರುತ್ತದೆ. ಮೂರೂ ಬೇರೆ ಬೇರೆ ತಿಂಡಿ ಅಂತಲೇ ನಾನು ತಿಳಿದುಕೊಂಡಿದ್ದೇನೆ. ಗರಿಗರಿ ಬೇಕು ಅನ್ನುವವರಿಗೆ ಒಂದು, ಬೆಣ್ಣೆ ಬೇಕು ಅನ್ನುವವರಿಗೆ ಇನ್ನೊಂದು ಹೇಳುತ್ತೇನೆ. ಒಂದರ ಮೇಲೆ ಒಂದು ಇಟ್ಟು ಅಳೆಯುವುದು ನ್ಯಾಯ ಅಲ್ಲ.

ಬೆಲೆ ಬರೆಯುವಾಗ ತಿಂಗಳು, ವರ್ಷ ಎರಡೂ ಹಾಕುತ್ತೇನೆ. 'ಜಾಸ್ತಿ ಆಯ್ತು' ಅಂತ ಬರೆದು ಬಿಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಏರಿತು. ಆ ವರ್ಷ ಕಾಫಿ ಪುಡಿಯೂ ಏರಿತು, ತೆಂಗಿನಕಾಯಿಯೂ ಏರಿತು. ಬೆಲೆ ಹಾಗೇ ಇಟ್ಟು ಡಿಕಾಕ್ಷನ್ ತೆಳು ಮಾಡುವವರಿಗಿಂತ ನಾಲ್ಕು ರೂಪಾಯಿ ಜಾಸ್ತಿ ತಗೊಂಡು ಗಟ್ಟಿ ಕಾಫಿ ಕೊಡುವವರ ಪರ ನಾನು. ಈ ವಿಷಯದಲ್ಲಿ ಎಂಟಿಆರ್ ಬಗ್ಗೆ ನನಗೆ ದೊಡ್ಡ ಗೌರವ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಿ ಅಂತ ಹೇಳಿತು. ಆ ಬೆಲೆಗೆ ರುಚಿ ಉಳಿಸಿಕೊಂಡು ಕೊಟ್ಟರೆ ನಷ್ಟ. ಅವರು ರುಚಿ ಕೆಡಿಸಲಿಲ್ಲ, ಕೆಲವು ಕಾಲ ಹೋಟೆಲನ್ನೇ ಮುಚ್ಚಿದರು. ಕೆಲಸದವರಿಗೆ ಕೆಲಸ ಬೇಕಿತ್ತು, ಪುಡಿ, ಮಿಕ್ಸ್ ಮಾಡಿ ಮಾರುವುದಕ್ಕೆ ಇಳಿದರು. ಇವತ್ತು ಅಂಗಡಿಗಳಲ್ಲಿ ಸಿಗುವ ಆ ಪೊಟ್ಟಣಗಳ ವ್ಯಾಪಾರ ಬೆಳೆದದ್ದು ಹಾಗೆ.

ಕೆಟ್ಟದ್ದನ್ನು ಬರೆಯುವ ಮುಂಚೆ ಕೌಂಟರ್‌ನಲ್ಲಿ ಹೇಳುವುದು ನನ್ನ ರೂಢಿ. ನಮ್ಮ ಆಫೀಸ್ ಹತ್ತಿರದ ಒಂದು ದರ್ಶಿನಿಯಲ್ಲಿ ಸಂಜೆ ವಡೆ ತಗೊಂಡೆ. 'ಡಿಪ್ಪಾ, ಸಪರೇಟಾ ಸರ್?' ಅಂದರು. 'ಸಪರೇಟ್' ಅಂದೆ. ಅದೇ ಒಳ್ಳೆಯದಾಯಿತು, ಸಾಂಬಾರ್ ಬೆಳಗಿನದ್ದು, ವಾಸನೆ ಬಂದಿತ್ತು. ಕ್ಯಾಶ್‌ನಲ್ಲಿ ಕೂತಿದ್ದವರಿಗೆ ಬಟ್ಟಲು ತೋರಿಸಿ ಮೆಲ್ಲಗೆ ಹೇಳಿದೆ. ಅವರು ಮೂಸಿ ನೋಡಿ, ಮಾತಾಡದೆ ಒಳಗೆ ಹೋಗಿ ಪಾತ್ರೆಯನ್ನೇ ಎತ್ತಿಸಿದರು. ಆಮೇಲೆ ನಾನು ಹೋದಾಗೆಲ್ಲ ಸಂಜೆಗೆ ಬೇರೆ ಸಾಂಬಾರ್ ಮಾಡುತ್ತಿದ್ದರು. ಅದನ್ನು ನಾನು ದೂರು ಅಂತ ಬರೆಯಲಿಲ್ಲ. ಹೇಳಿದ ಮೇಲೂ ಹಾಗೇ ಇದ್ದರೆ ಬರೆಯುತ್ತೇನೆ. ಆಗಲೂ ಏನು ತಿಂದೆ, ಎಷ್ಟು ಗಂಟೆಗೆ, ಏನಾಗಿತ್ತು ಅಷ್ಟೇ. 'ಥೂ, ಯಾರೂ ಹೋಗಬೇಡಿ' ಅಂತ ಬರೆಯುವುದು ಸುಲಭ. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವವರ ಹೊಟ್ಟೆಪಾಡು ಅದರಲ್ಲಿದೆ. ಹೆಸರು ಹಾಕಿ ಬರೆಯುವವರಿಗೆ ಅದು ನೆನಪಿರಬೇಕು.

ಒಂದೇ ಸಲ ತಿಂದು ಬರೆಯುವುದೂ ಇಲ್ಲ. ಬೇರೆ ವಾರ, ಬೇರೆ ಹೊತ್ತು ನೋಡಿಯೇ ಬರೆಯುವುದು. ಭಟ್ಟರು ಹಬ್ಬಕ್ಕೆ ಕುಂದಾಪುರದ ಕಡೆ ಊರಿಗೆ ಹೋಗಿದ್ದರೆ ಕಾವಲಿ ಮುಂದೆ ಬೇರೆ ಕೈ ಇರುತ್ತದೆ. ಉಪ್ಪಿಟ್ಟಿನ ರವೆ ಹುರಿದ ಹದದಲ್ಲೇ ಅದು ಗೊತ್ತಾಗಿಬಿಡುತ್ತದೆ. ಬೋರ್ಡ್ ಅದೇ ಇದ್ದು ಮಾಲೀಕರು ಬದಲಾಗಿದ್ದರೆ ಹಳೆಯ ಟಿಪ್ಪಣಿ ಹೊಡೆದುಹಾಕಿ ಹೊಸದಾಗಿ ಬರೆಯುತ್ತೇನೆ. ಕೆಲವು ಟಿಪ್ಪಣಿ ಮಾತ್ರ ಹೊಡೆದುಹಾಕೋಕೆ ಮನಸ್ಸು ಬರಲ್ಲ. ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 1954ರಲ್ಲಿ ಶುರುವಾಗಿದ್ದು, 2023ರ ಡಿಸೆಂಬರ್‌ನಲ್ಲಿ ಮುಚ್ಚಿತು. ಹಸಿರು ಮಸಾಲೆಯಲ್ಲಿ ಮುಳುಗಿದ ಅಲ್ಲಿನ ಪುಟ್ಟ ಇಡ್ಲಿಗಳ ಬಗ್ಗೆ ಬರೆದದ್ದು ಹಾಗೇ ಇದೆ. ಯಾರಾದರೂ ಕೇಳಿದರೆ ಕಳಿಸುತ್ತೇನೆ.

ಮಾಂಸದ ಊಟಕ್ಕೆ ಹೊತ್ತು ಇನ್ನೂ ಮುಖ್ಯ. ಮಿಲಿಟರಿ ಹೋಟೆಲ್‌ಗಳಲ್ಲಿ ದಿನಕ್ಕೆ ಇಷ್ಟು ಅಂತ ಮಾಡುತ್ತಾರೆ, ಮುಗಿದರೆ ಮುಗಿಯಿತು. ಜಯನಗರ 8ನೇ ಬ್ಲಾಕ್‌ನ ಶಿವಾಜಿ ಮಿಲಿಟರಿ ಹೋಟೆಲ್‌ಗೆ ಮಧ್ಯಾಹ್ನ ಆರಾಮವಾಗಿ ಎರಡೂವರೆಗೆ ಹೊರಟರೆ ಮಟನ್ ದೊನ್ನೆ ಬಿರಿಯಾನಿ ಖಾಲಿ ಆಗಿರಬಹುದು. ಬೇಗ ಹೋದವರಿಗೆ ಪುದೀನ, ಕೊತ್ತಂಬರಿಯ ಹಸಿರು ಮಸಾಲೆ ಹಿಡಿದ ಸಣ್ಣಕ್ಕಿ ಅನ್ನ, ಬಿಸಿ ತಾಗಿ ವಾಸನೆ ಬಿಡುವ ದೊನ್ನೆ.

ಹೊತ್ತಿನ ಜೊತೆಗೆ ಕಾಲವನ್ನೂ ಬರೆಯಬೇಕಾಗುತ್ತದೆ. ಚಳಿಗಾಲಕ್ಕೆ ಅವರೆಕಾಯಿ ಬಂತು ಅಂದರೆ ಹೋಟೆಲ್‌ಗಳ ಬೋರ್ಡೇ ಬದಲಾಗುತ್ತದೆ. ಅವರೆಕಾಳು ಉಪ್ಪಿಟ್ಟು, ಅವರೆಕಾಳು ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು. ಆಗ ನಾನು ನೋಡುವುದು ಸೊಗಡನ್ನು. ಡಿಸೆಂಬರ್, ಜನವರಿಯ ಕಾಯಿಗೆ ಇಬ್ಬನಿ ಬಿದ್ದ ವಾಸನೆ ಇರುತ್ತದೆ, ರೊಟ್ಟಿ ಮುರಿದರೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಇಲ್ಲದ ಅವರೆ ತಿಂಡಿಗೆ ಜೂನ್‌ನಲ್ಲಿ ದುಡ್ಡು ಕೊಡಬೇಡಿ.

ಊರಿಂದ ಬರುವವರಿಗೆ ನಾನು ಕಳಿಸುವ ಟಿಪ್ಪಣಿ ಹೀಗಿರುತ್ತದೆ: 'ನಮ್ಮ ಬೀದಿ ಮೂಲೆಯ ದರ್ಶಿನಿ. ಏಳರಿಂದ ಎಂಟೂವರೆ ಒಳಗೆ ಹೋಗಿ. ಇಡ್ಲಿ, ಖಾರಾಬಾತ್ ಎರಡೂ ಚೆನ್ನ. ವಡೆ ಎಂಟರ ಮೇಲೆ, ಎರಡನೇ ಸಲ ಕರಿದಾಗ. ಪೂರಿಗೆ ಸಾಗು ಸಪ್ಪೆ. ಕಾಫಿ ಇಬ್ಬರಿದ್ದರೆ ಬೈಟು ಸಾಕು, ಲೋಟ ದೊಡ್ಡದು. ವಯಸ್ಸಾದವರಿಗೆ ಕೂರಲು ಜಾಗ ಇಲ್ಲ. ಕೈ ತೊಳೆಯುವ ಜಾಗ ಚೊಕ್ಕ.' ಇದರ ಕೆಳಗೆ ದೊಡ್ಡ ಹೋಟೆಲ್‌ಗಳ ವಾರದ ರಜೆಯನ್ನೂ ಸೇರಿಸುತ್ತೇನೆ. ದೂರದಿಂದ ಆಟೋದಲ್ಲಿ ಬಂದು ಬೀಗ ನೋಡಿ ವಾಪಸ್ ಹೋಗುವುದು ಬಹಳ ಬೇಜಾರು. ಲಾಲ್‌ಬಾಗ್ ರಸ್ತೆ ಎಂಟಿಆರ್ ಸೋಮವಾರ ಇಲ್ಲ, ವಿದ್ಯಾರ್ಥಿ ಭವನ ಶುಕ್ರವಾರ ಇಲ್ಲ, ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ ಇಲ್ಲ.